ಆಕಿ ಹೊಳ್ಳಿ ಬರಬಾರದಿತ್ತು

ಹೋದ ಮಳೆಗಾಲದಲ್ಲಿ ಪುಣೆಯಿಂದ ಬರುತ್ತಿದ್ದ ನಮ್ಮ ಬಸ್ಸು ಕಳಂಬೋಲಿಯ ಸರ್ಕಲ್ ಹತ್ತಿರ ಕೆಟ್ಟು ನಿಂತಿತು. ಬೇರೆ ಬಸ್ಸು ಬರುತ್ತದೆ ಎಂದು ಕಂಡಕ್ಟರ್ ಎಲ್ಲರನ್ನೂ ಕೆಳಗಿಳಿಸಿದ. ಕೊಡೆ ಬಿಚ್ಚಿ ರಸ್ತೆಯ ಬದಿಗೆ ಬಂದೆ. ಗಾಳಿ ಕಬ್ಬಿಣದ ಮಾರ್ಕೆಟ್ಟಿನ ಕಡೆಯಿಂದ ಬೀಸುತ್ತಿತ್ತು. ನೆನೆದ ಕಬ್ಬಿಣ, ತುಕ್ಕು, ಗ್ಯಾಸ್ ಕಟಿಂಗಿನ ಸುಟ್ಟ ವಾಸನೆ ಎಲ್ಲ ಬೆರೆತ ಆ ಗಾಳಿ ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಕಿವಿ ಬಿಸಿಯಾದವು. ಥಾಣೆಯಲ್ಲಿ ಕೆಲಸ, ಟಿಟ್ವಾಳಾದಲ್ಲಿ ಗಂಡನ ಜೊತೆ ಸ್ವಂತ ಮನೆ, ದಿನಾ ಲೋಕಲ್ಲಿನಲ್ಲಿ ನೂಕಾಡಿ ಜಾಗ ಹಿಡಿಯುವ ಹೆಂಗಸು ನಾನು. ಆದರೂ ಆ ಕ್ಷಣ ಹನ್ನೆರಡನೇ ಕ್ಲಾಸಿನ ಹುಡುಗಿಯಾಗಿ, ಯಾರಾದರೂ ಪರಿಚಯದವರು ನೋಡಿಬಿಟ್ಟಾರೆಂದು ಕೊಡೆಯನ್ನು ಮುಖದ ತನಕ ಇಳಿಸಿಕೊಂಡೆ.

ನಾವು ಆಗ ಕಳಂಬೋಲಿಯಲ್ಲಿದ್ದೆವು. ಮಾರ್ಕೆಟ್ಟಿನ ಒಂದು ಗೋಡೌನಿನಲ್ಲಿ ಅಪ್ಪ ಮ್ಯಾನೇಜರ್. ಲಾರಿಯಿಂದ ಇಳಿಯುವ ಸರಳು, ತಗಡು, ಪೈಪುಗಳ ತೂಕ ನೋಡುವುದು, ಒಯ್ಯಲು ಬಂದವರ ಜೊತೆ ಮರಾಠಿ, ಹಿಂದಿಯಲ್ಲಿ ಹುಯ್ದಾಡುವುದು ಅವನ ಕೆಲಸ. ಮಾರ್ಕೆಟ್ಟಿನಲ್ಲಿ ಅವನ ದನಿ ನಾಲ್ಕು ಗೋಡೌನು ಆಚೆಗೂ ಕೇಳುತ್ತದೆಂದು ಹೇಳುತ್ತಿದ್ದರು. ಮನೆಗೆ ಬಂದರೆ ಮಾತ್ರ ಅವನ ಬಾಯಲ್ಲಿ ಮಾತೇ ಇರುತ್ತಿರಲಿಲ್ಲ. ಅಂಗಿಗೆ ತುಕ್ಕಿನ ಕಲೆ ಹಚ್ಚಿಕೊಂಡು ಬಂದು, ಕೈಕಾಲು ತೊಳೆದು, ಟೀವಿಯ ಮುಂದೆ ಕೂರುತ್ತಿದ್ದ. ಅವ್ವ ಗದಗಿನ ಕಡೆಯವಳು, ಹೆಸರು ಕಸ್ತೂರಿ. ರೊಟ್ಟಿ ಬಡಿಯುವ ಸಪ್ಪಳ ಬಿಟ್ಟರೆ ಅವಳದ್ದೂ ಸದ್ದಿಲ್ಲ. ನಮ್ಮದು ಶಾಂತವಾದ ಮನೆ ಎಂದೇ ನಾನು ತಿಳಿದಿದ್ದೆ. ಗೆಳತಿಯರ ಮನೆಗಳಲ್ಲಿ ಜಗಳ ಕೇಳಿ ಬಂದಾಗ, ನಮ್ಮ ಮನೆ ಎಷ್ಟು ಛಲೋ ಅನಿಸುತ್ತಿತ್ತು.

ನಮ್ಮದು ಎರಡು ವಿಂಗಿನ ಕಟ್ಟಡ, ನಡುವೆ ಸಣ್ಣ ಅಂಗಳ. ನಮ್ಮ ಕಿಟಕಿಯ ಎದುರಿಗೇ ಆ ವಿಂಗಿನ ವಾರಿಜಕ್ಕನ ಬಾಲ್ಕನಿ. ವಾರಿಜಕ್ಕ ಉಡುಪಿಯವರು. ಅವರ ಗಂಡ ಸದಾನಂದಣ್ಣ ಕಬ್ಬಿಣದ ಮಾರ್ಕೆಟ್ಟಿನ ಬಾಯಲ್ಲೇ ಹೋಟೆಲ್ ನಡೆಸುತ್ತಿದ್ದರು. ಮಗಳು ಪ್ರಜ್ಞಾ ನನ್ನದೇ ಕ್ಲಾಸು. ಆ ವರ್ಷ ಅವರ ಮನೆಗೆ ಗೋಡೆಗೆ ಹಾಕುವ ದೊಡ್ಡ ಟೀವಿ ಬಂತು. ಮೊಬೈಲಿನಲ್ಲಿ ಸಿನಿಮಾ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಊರಿಂದ ಬರುವ ಬಸ್ಸಿನಲ್ಲಿ ಹೋಟೆಲಿಗೆ ಸಾಮಾನಿನ ಜೊತೆ ಕನ್ನಡ ಸಿನಿಮಾದ ಡಿವಿಡಿಗಳೂ ಬರುತ್ತಿದ್ದವು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎರಡೂ ವಿಂಗಿನ ಕನ್ನಡದ ಮನೆಗಳವರು ಅಲ್ಲಿ ಸೇರುವುದು ರೂಢಿಯಾಯಿತು.

ಸಿನಿಮಾಕ್ಕಿಂತ ಸಿನಿಮಾ ಮುಗಿದ ಮೇಲಿನದ್ದೇ ಹೆಚ್ಚು ಮಜಾ. ಅದನ್ನು ಶುರು ಮಾಡಿದವರು ರಂಗಸ್ವಾಮಿ ಅಂಕಲ್. ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು. ಟೀ ಬರುವ ಮೊದಲು ಒಬ್ಬೊಬ್ಬರೂ ಎರಡೆರಡು ಮಾತು ಹೇಳಲೇಬೇಕು ಎಂದು ಅವರು ಹಟ ಹಿಡಿಯುತ್ತಿದ್ದರು. ಅವರ ಮಾತು ಯಾವಾಗಲೂ ಒಂದೇ ತರಹ. "ಛಾಯಾಗ್ರಹಣ ಅದ್ಭುತ ಕಣ್ರೀ. ಇಂಟರ್‌ವಲ್ ಆದ್ಮೇಲೆ ಮಾತ್ರ ಸ್ವಲ್ಪ ಎಳೆದ್ಬಿಟ್ಟಿದ್ದಾರೆ." ಅವರ ಹೆಂಡತಿ ಜಯಮ್ಮ ಆಂಟಿ, "ಇವರು ಹೇಳಿದ್ಮೇಲೆ ನಂದೇನಿದೆ" ಎಂದು ನಕ್ಕು ಸುಮ್ಮನಾಗುತ್ತಿದ್ದರು. ಸದಾನಂದಣ್ಣ ಅರ್ಧ ಸಿನಿಮಾ ನಿದ್ದೆ ಮಾಡಿ, ಎದ್ದು, "ಫೈಟಿಂಗ್ ಲಾಯ್ಕ್ ಉಂಟು ಮಾರಾಯ್ರೆ" ಎನ್ನುತ್ತಿದ್ದರು. ಫೈಟಿಂಗೇ ಇಲ್ಲದ ಸಿನಿಮಾಕ್ಕೂ ಒಮ್ಮೆ ಹಾಗೆಂದು ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದೆವು. ವಾರಿಜಕ್ಕನದು ಸೀರೆ, ಒಡವೆ, ಅತ್ತೆ ಪಾತ್ರದವಳ ಬಾಯಿಯ ಮೇಲಿನ ಟೀಕೆ. ಪ್ರಜ್ಞಾ, "ಠೀಕ್ ಥಾ ಯಾರ್, ಥೋಡಾ ಸ್ಲೋ ಥಾ" ಎನ್ನುತ್ತಿದ್ದಳು. ನಾನೂ ಹಾಗೇ ಹಿಂದಿಯಲ್ಲಿ ಏನೋ ಒಂದು ಹೇಳಿ ಪಾರಾಗುತ್ತಿದ್ದೆ. ಅಪ್ಪನದು ಒಂದೇ ಶಬ್ದ, "ಅಡ್ಡಿಯಿಲ್ಲ." ಅವ್ವನದು ಎರಡು, "ಛಲೋ ಇತ್ರಿ." ಹೇಳುತ್ತ ಹೇಳುತ್ತಲೇ ಅವಳು ಎದ್ದು, ವಾರಿಜಕ್ಕನ ಅಡುಗೆಮನೆಗೆ ಬಜ್ಜಿ ಕರಿಯಲು ಹೋಗುತ್ತಿದ್ದಳು.

ಆ ಭಾನುವಾರ ಎಡೆಬಿಡದ ಮಳೆ. ಹಳಿಗಳ ಮೇಲೆ ನೀರು ನಿಂತು ರೈಲು ನಿಂತುಹೋಗಿದ್ದರಿಂದ ಯಾರೂ ಎಲ್ಲಿಗೂ ಹೋಗಿರಲಿಲ್ಲ. ವಾರಿಜಕ್ಕನ ಮನೆಯ ಹಾಲ್ ಜನರಿಂದ ತುಂಬಿತ್ತು. ಸಿನಿಮಾದ ಹೆಸರು ಈಗ ನೆನಪಿಲ್ಲ, ನೆನಪಿಡುವಂಥದ್ದೂ ಆಗಿರಲಿಲ್ಲ. ಗಂಡನ ಮನೆಯ ಕಾಟ ತಾಳದೆ ಒಬ್ಬ ಹೆಂಡತಿ ತೊಟ್ಟಿಲಲ್ಲಿ ಮಲಗಿದ ಮಗುವನ್ನು ಬಿಟ್ಟು ತವರಿಗೆ ಹೋಗುತ್ತಾಳೆ. ಅಲ್ಲಿ ಅವಳಿಗೆ ಮಗುವಿನ ಅಳುವೇ ಕಿವಿಯಲ್ಲಿ. ಕಡೆಗೆ ಒಂದೆರಡು ವರ್ಷದ ಮೇಲೆ ಮರಳಿ ಬರುತ್ತಾಳೆ. ಬಾಗಿಲಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿರುತ್ತಾಳೆ, ಗಂಡ ಕಣ್ಣೊರೆಸಿಕೊಳ್ಳುತ್ತಾನೆ, ಮಗು ಓಡಿ ಬಂದು ಕೊರಳಿಗೆ ಬೀಳುತ್ತದೆ. ಒಂದು ಹಾಡು, ಮುಕ್ತಾಯ.

"ಕೊನೇ ದೃಶ್ಯ ಕಣ್ಣಲ್ಲಿ ನೀರು ತರಿಸಿಬಿಡ್ತು ಕಣ್ರೀ," ಎಂದರು ರಂಗಸ್ವಾಮಿ ಅಂಕಲ್. "ಸಂಸಾರ ಅಂದ್ರೆ ಹಾಗಿರಬೇಕು."

"ಹೌದು ಮಾರಾಯ್ರೆ," ವಾರಿಜಕ್ಕ ಮೂಗೊರೆಸಿಕೊಂಡರು. "ಆ ಮಗು ಓಡಿ ಬರುವಾಗ ನಂಗೆ ತಡೀಲಿಕ್ಕೇ ಆಗ್ಲಿಲ್ಲ."

ಮಾತು ಒಬ್ಬರಿಂದ ಒಬ್ಬರಿಗೆ ಬಂತು. ಅಪ್ಪ "ಅಡ್ಡಿಯಿಲ್ಲ" ಎಂದ. ಅವ್ವ ಅಡುಗೆಮನೆಯ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. ಇನ್ನೇನು ಏಳುತ್ತಾಳೆಂದು ನಾನೂ ಅವಳಿಗೆ ದಾರಿ ಬಿಡಲು ಕಾಲು ಮಡಿಸಿಕೊಂಡೆ. ಅವಳು ಏಳಲಿಲ್ಲ.

"ಆಕಿ ಹೊಳ್ಳಿ ಬರಬಾರದಿತ್ತು," ಎಂದಳು.

ರಂಗಸ್ವಾಮಿ ಅಂಕಲ್‌ಗೆ ಖುಷಿಯಾಗಿಬಿಟ್ಟಿತು. "ಓಹೋ, ಭಿನ್ನಾಭಿಪ್ರಾಯ! ಬರಲಿ, ಬರಲಿ. ಯಾಕಮ್ಮ ಕಸ್ತೂರಿ, ಮಗು ಇತ್ತಲ್ಲ?"

"ಕೂಸಿನ ಸಲುವಾಗೇ ಬಂದ್ಲರಿ. ಆದ್ರ ಪಿಕ್ಚರದಾಗ ತೋರ್ಸಿದಂಗ ಇರೂದಿಲ್ಲ. ಬಾಗಲ್ದಾಗ ಯಾರೂ ಆರತಿ ಹಿಡಕೊಂಡು ನಿಂತಿರೂದಿಲ್ಲ. ಒಳಗ ಮಂದಿ ಇರ್ತಾರ, ಆದ್ರೂ ಬಾಗಲಾ ತೆಗಿಯೂದಿಲ್ಲ. ಚೀಲಾ ತೊಡಿ ಮ್ಯಾಲ ಇಟ್ಕೊಂಡು ಪಾವಟಿಗಿ ಮ್ಯಾಲ ಕುಂತಿರಬೇಕಾಗ್ತೈತಿ, ಸಂಜೀತನಕಾ. ನೀರಿಗೆ ಬಂದ ಹೆಣ್ಣಮಕ್ಕಳು ದಾಟಿಕೊಂಡು ಹೋಗ್ತಾರ. ಒಬ್ರೂ ಮಾತಾಡ್ಸೂದಿಲ್ಲ." ಅವ್ವನ ದನಿ ಏರಿರಲಿಲ್ಲ. ಅಕ್ಕಿಯ ಹರಳು ಆರಿಸುವಾಗ ಮಾತಾಡುವಂತೆ ಮಾತಾಡುತ್ತಿದ್ದಳು. "ಕೂಸೂ ಓಡಿ ಬರೂದಿಲ್ಲರಿ. ಗುರ್ತಾ ಹಿಡಿಯೂದಿಲ್ಲ ಅದು. ಅಪ್ಪನ ಕಾಲಾಗ ಹೋಗಿ ಅಡಗತೈತಿ."

ಟೀವಿಯಲ್ಲಿ ಡಿವಿಡಿಯ ಮೊದಲ ಪುಟ ಬಂದು ನಿಂತಿತ್ತು. ಹಾಡಿನ ಅದೇ ತುಣುಕು ಮತ್ತೆ ಮತ್ತೆ ಕೇಳಿಬರುತ್ತಿತ್ತು. ಅಪ್ಪ ಗಟ್ಟಿಯಾಗಿ ನಕ್ಕ. "ಪಿಕ್ಚರ್ ನೋಡಿ ನೋಡಿ ತಲಿ ಕೆಟ್ಟೈತಿ ಈಕೀದು," ಎಂದ. ಅವನ ಜೊತೆ ಯಾರಾದರೂ ನಗಬೇಕಿತ್ತು. ಸದಾನಂದಣ್ಣನೂ ನಗಲಿಲ್ಲ; ಅವರು ಆ ದಿನ ಎಚ್ಚರವಾಗಿದ್ದರು. ಕೊನೆಗೆ ವಾರಿಜಕ್ಕ ಎದ್ದು, "ಚಾ ಇಡ್ತೇನೆ" ಎಂದು ಒಳಗೆ ಹೋದರು. ಅವ್ವ ಅವರ ಹಿಂದೆ ಹೋಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು. ಎಲ್ಲರೂ ಆ ನೋಟ ನೋಡಿದರು.

ನನಗೆ ಅರ್ಥವಾಗಲು ಅಷ್ಟು ಸಾಕಾಯಿತು. ತಂದೆಯ ಕಾಲಲ್ಲಿ ಅಡಗಿದ ಆ ಕೂಸು ಯಾವುದೆಂದು ನನಗೂ, ನನ್ನ ಪಕ್ಕ ಕೂತ ಪ್ರಜ್ಞಾಗೂ ಒಟ್ಟಿಗೇ ತಿಳಿಯಿತು. ಅವ್ವ ಒಮ್ಮೆ ನನ್ನನ್ನು ಬಿಟ್ಟುಹೋಗಿದ್ದಳು, ನನಗೋಸ್ಕರ ಮರಳಿ ಬಂದಿದ್ದಳು, ಬರಬಾರದಿತ್ತು ಎಂದು ಈಗ ಅಷ್ಟು ಜನರ ಎದುರಿಗೆ ಹೇಳಿದ್ದಳು. ವಾರಿಜಕ್ಕನೇ ಕರಿದ ಬಜ್ಜಿಯ ತಟ್ಟೆ ನನ್ನ ಮುಂದೆ ಬಂದಾಗ ಒಂದು ತೆಗೆದು ಬಾಯಿಗಿಟ್ಟುಕೊಂಡೆ. ಎಲ್ಲರೂ ನನ್ನನ್ನು ನೋಡದಂತೆ ನೋಡುತ್ತಿದ್ದಾರೆ ಎನಿಸಿ, ಹಾಗೇ ಬಾಯಲ್ಲಿಟ್ಟುಕೊಂಡು ಕೂತೆ.

ಆ ಸಂಜೆಯಿಂದ ಅಪ್ಪ ಅವ್ವನ ಜೊತೆ ಮಾತು ಬಿಟ್ಟ. ಮೊದಲೂ ಆಡುತ್ತಿದ್ದ ಮಾತು ಕಡಿಮೆಯೇ. ಆದರೆ ಇದು ಬೇರೆ ಎಂದು ಎರಡನೇ ದಿನಕ್ಕೇ ತಿಳಿಯಿತು. ಅವ್ವ ಎರಡಡಿ ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದರೆ, ನನ್ನನ್ನು ಒಳಕೋಣೆಯಿಂದ ಕರೆದು, "ಸವಿ, ಇವತ್ತ ನಾ ಡಬ್ಬಿ ಒಯ್ಯೂದಿಲ್ಲಂತ ನಿಮ್ಮವ್ವಗ ಹೇಳು," ಎನ್ನುತ್ತಿದ್ದ. ನಾನು ಅವ್ವನ ಕಡೆ ತಿರುಗಿ ಅದನ್ನೇ ಹೇಳಬೇಕು. ಅವ್ವ, "ಆತು" ಎನ್ನುತ್ತಿದ್ದಳು. ಹೊಡೆತ ಬಡಿತ ಇಲ್ಲ, ಬೈಗುಳ ಇಲ್ಲ. ಕೇಳಿಸಿಕೊಂಡವರು ಯಾರೂ ಅದನ್ನು ಕಾಟ ಎನ್ನುವುದಿಲ್ಲ.

ಮಾತು ಅಂಗಳ ದಾಟಿ ಹೊರಗೂ ಹೋಯಿತು. ಅಪ್ಪ ಮಾರ್ಕೆಟ್ಟಿನಲ್ಲಿ ಸದಾನಂದಣ್ಣನ ಹೋಟೆಲಿಗೆ ಟೀಗೆ ಹೋಗುವುದನ್ನು ಬಿಟ್ಟು, ಲಾರಿಗಳ ಸಂದಿಯ ಟಪರಿ ಅಂಗಡಿಯಲ್ಲಿ ನಿಂತು ಟೀ ಕುಡಿಯತೊಡಗಿದ. ನಾನೇ ಒಮ್ಮೆ ಆಟೋದಿಂದ ನೋಡಿದೆ. ಮಳೆಯಲ್ಲಿ, ತಾಡಪತ್ರಿಯ ಕೆಳಗೆ, ಎದುರಿನ ಹೋಟೆಲಿನ ಕಡೆ ಬೆನ್ನು ಮಾಡಿ ನಿಂತಿದ್ದ. ಅಷ್ಟು ದೊಡ್ಡ ದನಿಯ ಮನುಷ್ಯ ಆ ಗ್ಲಾಸಿನೊಳಗೇ ಮುಖ ಹುದುಗಿಸಿದಂತೆ ಕಂಡ. ಸದಾನಂದಣ್ಣ ದಾರಿಯಲ್ಲಿ ಸಿಕ್ಕರೆ ಬೇಕಂತಲೇ ಹವಾಮಾನದ ಮಾತಾಡುತ್ತಿದ್ದರಂತೆ. ಅದೂ ಅಪ್ಪನಿಗೆ ಚುಚ್ಚುತ್ತಿತ್ತು.

ನನ್ನ ಪಾಡು ಬೇರೆಯಾಗಿರಲಿಲ್ಲ. ಟ್ಯೂಷನ್ನಿನ ಮೆಟ್ಟಿಲ ಮೇಲೆ ಪ್ರಜ್ಞಾ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ಕೇಳಿದಳು: "ತೇರಿ ಮಮ್ಮಿ ಸಚ್‌ಮೇ ತುಝೆ ಛೋಡ್ ಕೇ ಗಯೀ ಥೀ ಕ್ಯಾ?" ಅವ್ವ ನಿಜವಾಗಿಯೂ ನನ್ನನ್ನು ಬಿಟ್ಟುಹೋಗಿದ್ದಳೇ ಎಂದು ನನಗೆ ಖಚಿತವಾಗಿ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲ ಎನ್ನುವುದು ಹೌದು ಎನ್ನುವುದಕ್ಕಿಂತ ಹೆಚ್ಚು ನಾಚಿಕೆಯದಾಗಿ ಕಂಡಿತು. ಮುಂದಿನ ದಿನದಿಂದ ಅವಳಿಗಿಂತ ಮೊದಲೇ ಮನೆ ಬಿಡತೊಡಗಿದೆ. ಅಂಗಳವನ್ನು ಅಡ್ಡ ಹಾಯದೆ, ಕಟ್ಟಡದ ಹಿಂದಿನ ನೀರಿನ ಟಾಕಿಯ ಬದಿಯಿಂದ, ಕೆಸರು ತುಳಿದುಕೊಂಡು ಹೋಗುತ್ತಿದ್ದೆ. ಬರುತ್ತ ಹೋಗುತ್ತ ಎದುರಾದ ಹೆಂಗಸರು, "ಊಟ ಆಯ್ತಾ ಮಗಾ?" ಎಂದು ಕೇಳುತ್ತಿದ್ದ ದನಿಯಲ್ಲಿ ಹೊಸದೊಂದು ಮೆದುತನ ಸೇರಿತ್ತು. ವಾರಿಜಕ್ಕ ಬಟ್ಟಲು ತುಂಬ ಪತ್ರೊಡೆ ಕಳಿಸಿದರು, ಇನ್ನೊಂದು ವಾರ ಪಾಯಸ. ನನಗೆ ಅದನ್ನು ತಿನ್ನಲು ಅಸಹ್ಯ. ಅವ್ವ ಮಾತ್ರ ಚೆನ್ನಾಗಿ ಉಂಡಳು.

ಒಂದು ಮಧ್ಯಾಹ್ನ ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅವಳೆದುರು ಕೂತು ಒಂದು ಕಂತೆ ನನ್ನ ಕಡೆ ಎಳೆದುಕೊಂಡೆ. ಕಣ್ಣೆತ್ತದೆ ಕೇಳಿದೆ, "ಅವ್ವಾ, ಆವತ್ತ ಹೇಳಿದ್ದು ಪಿಕ್ಚರದ ಮಾತೇನು?"

"ಪಿಕ್ಚರದ್ದಽ," ಎಂದಳು. ಎರಡು ಕಡ್ಡಿ ಬಿಡಿಸಿದಳು. ಆಮೇಲೆ ಹೇಳಿದಳು.

ನನಗೆ ಎರಡು ವರ್ಷ ಇನ್ನೂ ತುಂಬಿರಲಿಲ್ಲ. ಆಗ ಎಲ್ಲರೂ ಥಾಣೆಯ ಪಕ್ಕದ ಕಳವಾ ಊರಿನಲ್ಲಿ ಒಂದೇ ಖೋಲಿಯ ಮನೆಯಲ್ಲಿದ್ದರು. ಅಪ್ಪ, ಅವ್ವ, ನಾನು, ಅಜ್ಜಿ, ಇಬ್ಬರು ಕಾಕಾಗಳು. ಅಪ್ಪ ಒಂದು ಮಳೆಗಾಲ ಪೂರ್ತಿ ಅವಳ ಜೊತೆ ಮಾತು ಬಿಟ್ಟ. ಯಾಕೆಂದು ಅವಳು ಅಂದು ಹೇಳಲಿಲ್ಲ. ಅಜ್ಜಿಯ ಮೂಲಕ ಮಾತು, ಅಜ್ಜಿಯ ಮೂಲಕ ಜವಾಬು. ಅಂಥ ಸಣ್ಣ ಖೋಲಿಯಲ್ಲಿ, ಕೈ ಚಾಚಿದರೆ ತಾಗುವಷ್ಟು ಹತ್ತಿರ ಮಲಗಿ, ಅವಳು ಅವನಿಗೆ ಕಾಣದವಳಾಗಿದ್ದಳು. ಕಡೆಗೆ ಒಬ್ಬಳೇ ತವರಿಗೆ ಹೋಗಿಬಿಟ್ಟಳು.

"ಬಡದಿದ್ರ ತೋರ್ಸಾಕ ಗಾಯ ಇರ್ತಿತ್ತು. ನಮ್ಮಪ್ಪ ಕೇಳಿದ, ಏನ್ ಮಾಡಿದಾ ನಿನ್ನ ಗಂಡಾ ಅಂತ. ಏನ್ ಹೇಳ್ಲಿ? ಏನೂ ಮಾಡಿಲ್ಲ ಅಂದೆ."

"ನನ್ನ ಯಾಕ ಕರಕೊಂಡು ಹೋಗಲಿಲ್ಲ?"

"ನಿಮ್ಮಜ್ಜಿ ನಿನ್ನ ಬಿಡಲಿಲ್ಲ. ನಾನೂ ಭಾಳ ಜಗ್ಗಾಡ್ಲಿಲ್ಲ. ಎರಡು ದಿನಾ ಬಿಟ್ಟು ನಿಮ್ಮಪ್ಪ ಕರಿಯಾಕ ಬರ್ತಾನ ಅನಕೊಂಡಿದ್ದೆ." ಅವ್ವನ ಬೆರಳಿಗೆ ಹಸಿರು ಅಂಟಿತ್ತು. "ಬರ್ಲಿಲ್ಲ. ದೀಪಾವಳಿ ಮುಗದ ಮ್ಯಾಲ ನಾನಽ ಬಂದೆ. ನೀ ನನ್ನ ನೋಡಿ ಚಿಟ್ಟನ ಚೀರಿದಿ. ಆ ಪಾವಟಿಗಿ ಮ್ಯಾಲ ಕುಂತಾಗ ಅಷ್ಟ ನಾಚಿಕಿ ಆಗಿರಲಿಲ್ಲ ನನಗ. ನೀ ಚೀರಿದಾಗ ಆತು."

ನಾನು ಕೇಳಬೇಕೆಂದಿದ್ದದ್ದು ಬೇರೆ. ಹಾಗಾದರೆ ನೀನು ಬಂದದ್ದು ನಿನಗೆ ಬೇಡವಾಗಿತ್ತೇ, ನಾನು ಬೇಡವಾಗಿದ್ದೆನೇ ಎಂದು. ನಾಲಿಗೆಯ ತುದಿಗೆ ಬಂದಿತ್ತು. ಅವ್ವನೇ ಉತ್ತರ ಕೊಟ್ಟಳು.

"ಬರಬಾರದಿತ್ತು ಅನ್ನೂದೂ ಖರೇನ ಐತಿ, ಸವಿ. ನಿನ್ನ ಎತ್ಕೊಂಡಾಗ ಬಂದದ್ದು ಛಲೋ ಆತು ಅನಿಸಿದ್ದೂ ಖರೇನ ಐತಿ. ಒಂದ ಹೇಳಂದ್ರ ನನಗ ಬರೂದಿಲ್ಲ."

ನನ್ನ ವಯಸ್ಸಿಗೆ ಅದು ಉತ್ತರವೇ ಅಲ್ಲ. ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದು ಹೋದೆ.

ಇದಾದ ಕೆಲವು ದಿನಗಳಿಗೆ, ಕಾಲೇಜಿನಿಂದ ಬೇಗ ಬಂದ ಒಂದು ದಿನ, ಮನೆಗೆ ಬೀಗ ಇತ್ತು. ವಾರಿಜಕ್ಕನ ಬಾಲ್ಕನಿಯಿಂದ ನಗು ಕೇಳುತ್ತಿತ್ತು. ಹೆಂಗಸರ ನಗು, ಅದರಲ್ಲೂ ಅವ್ವನದು. ಅವ್ವನ ನಗುವನ್ನು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕೀಲಿ ಕೇಳಲು ಹೋದೆ. ಗಂಡಸರು ಯಾರೂ ಇಲ್ಲದ ಆ ಕೆಲಸದ ದಿನದ ಮಧ್ಯಾಹ್ನ ವಾರಿಜಕ್ಕ, ಜಯಮ್ಮ ಆಂಟಿ, ಅವ್ವ ಮೂವರೂ ಕಾಲು ಚಾಚಿ ಕೂತು ಸಿನಿಮಾ ನೋಡಿ ಮುಗಿಸಿದ್ದರು. ಇದು ಮೂರನೆಯದೋ ನಾಲ್ಕನೆಯದೋ ಎಂದು ಆಮೇಲೆ ತಿಳಿಯಿತು.

"ನಿನ್ನ ಅಮ್ಮ ಹೇಳುವುದು ಕೇಳ್ಬೇಕು ಮಾರಾಯ್ತಿ," ಎಂದರು ವಾರಿಜಕ್ಕ ನನ್ನನ್ನು ಕಂಡು. "ಆ ಹೀರೋ ಹೆಂಡತಿಯ ಹತ್ರ ಮಾತಾಡ್ಲಿಕ್ಕೆ ಹಾಡೇ ಬೇಕು, ಹಾಡಿಲ್ಲದಿದ್ರೆ ಅವನ ಬಾಯಿ ತೆರೆಯುವುದೇ ಇಲ್ಲ ಅಂತ!"

ಜಯಮ್ಮ ಆಂಟಿ ಕಣ್ಣೊರೆಸಿಕೊಳ್ಳುತ್ತ, "ನಂಗೆ ಆ ಮುದುಕಪ್ಪ ಸಾಯೋದು ಇನ್ನೂ ಸ್ವಲ್ಪ ಬೇಗ ಆಗ್ಬೇಕಿತ್ತು ಅನ್ನಿಸ್ತು ಕಣೇ. ಎಷ್ಟು ಉಪದೇಶ!" ಎಂದರು. ಮೂವರೂ ಮತ್ತೆ ನಕ್ಕರು. ನಾಲ್ಕು ವರ್ಷದಿಂದ ನೋಡುತ್ತಿದ್ದ ಜಯಮ್ಮ ಆಂಟಿ ತಮ್ಮದೇ ಅಭಿಪ್ರಾಯ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಈಗ ಅದನ್ನು ನೆನೆದರೆ ನಗು ಬರುತ್ತದೆ. ಆಗ ಬರಲಿಲ್ಲ. ಇಡೀ ಕಟ್ಟಡದಲ್ಲಿ ನಮ್ಮ ಮಾನ ಹೋಗಿ, ಅಪ್ಪ ಟಪರಿಯಲ್ಲಿ ಬೆನ್ನು ತಿರುಗಿಸಿ ನಿಂತಿರುವಾಗ, ಅವ್ವ ಇಲ್ಲಿ ನಗುತ್ತಿದ್ದಾಳೆ ಎನಿಸಿತು. ಕೀಲಿ ಕಿತ್ತುಕೊಂಡವಳಂತೆ ಇಸಿದುಕೊಂಡು ಬಂದೆ. ಅಂಗಳ ದಾಟುವಾಗ ಆ ನಗು ಇಡೀ ಕಳಂಬೋಲಿಗೆ ಕೇಳುತ್ತಿದೆ ಎನ್ನಿಸಿ ಓಡಿದೆ.

ಭಾನುವಾರದ ಸಿನಿಮಾ ನಡುವೆ ನಿಂತುಹೋಗಿತ್ತು. ಶ್ರಾವಣ, ಗಣಪತಿ, ಪಿತೃಪಕ್ಷ ಎಂದು ಏನೇನೋ ನೆಪ. ದಸರೆಯ ವಾರ ರಂಗಸ್ವಾಮಿ ಅಂಕಲ್ ತಾವೇ ಮನೆ ಮನೆಗೆ ಬಂದರು. "ಹಾಸ್ಯ ಚಿತ್ರ ಕಣ್ರೀ. ಬರೀ, ಬರೀ ಹಾಸ್ಯ. ಎಲ್ಲಾರೂ ಬನ್ನಿ," ಎಂದು, ಬರೀ ಎನ್ನುವುದನ್ನು ಎರಡು ಸಲ ಹೇಳಿದರು. ಅಪ್ಪ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅಂದು ಅಪ್ಪ ಮಧ್ಯಾಹ್ನ ತುಕ್ಕಿನ ಕಲೆಯಿಲ್ಲದ ಅಂಗಿ ಹಾಕಿಕೊಂಡು, ತಲೆ ಬಾಚಿ, "ಸವಿ, ಹೋಗೂಣು ಅಂತ ಹೇಳು ನಿಮ್ಮವ್ವಗ," ಎಂದ.

ಸಿನಿಮಾದಲ್ಲಿ ಏನಿತ್ತೋ, ನನಗೆ ಕಾಣಲಿಲ್ಲ. ಎಲ್ಲರೂ ಅಗತ್ಯಕ್ಕಿಂತ ಗಟ್ಟಿಯಾಗಿ ನಗುತ್ತಿದ್ದರು. ಮುಗಿದ ಮೇಲೆ ರಂಗಸ್ವಾಮಿ ಅಂಕಲ್ ಎರಡು ಮಾತಿನ ಪದ್ಧತಿಯನ್ನೇ ಹಾರಿಸಿಬಿಡಲು ನೋಡಿದರು. "ಚೆನ್ನಾಗಿತ್ತು, ಎಲ್ಲಾರಿಗೂ ಇಷ್ಟ ಆಯ್ತು, ವಾರಿಜಾ, ಕಾಫೀನಾ ಟೀನಾ?"

"ನಂದೊಂದು ಮಾತ ಉಳದೈತಿ," ಎಂದ ಅಪ್ಪ.

ವಾರಿಜಕ್ಕ ಏಳುತ್ತಿದ್ದವರು ಅಲ್ಲೇ ನಿಂತರು.

"ಇವತ್ತಿನ ಪಿಕ್ಚರದ್ದಲ್ಲ. ಆವತ್ತಿನದು." ಅಪ್ಪ ಮಾರ್ಕೆಟ್ಟಿನ ದನಿಯಲ್ಲಿ ಶುರು ಮಾಡಿದ; ಎರಡನೇ ಮಾತಿಗೇ ಅದು ಇಳಿದು ಹೋಯಿತು. "ಕಸ್ತೂರಿ ಹೇಳಿದ್ದು ಬರೋಬ್ಬರಿ ಐತಿ. ಬಾಗಲಾ ತೆಗೀದಂವಾ ನಾನಽ. ನಮ್ಮವ್ವ ಅಲ್ಲ. ಕೂಸಿನ್ನ ಬಗಲಾಗ ಎತ್ಕೊಂಡು ಬಾಗಲದ ಒಳಗ ನಿಂತಿದ್ದೆ. ಏನ್ ಮಾತಾಡಬೇಕು ತಿಳೀಲಿಲ್ಲ. ಅಷ್ಟ ದಿವಸಾ ಮಾತಾಡಿರಲಿಲ್ಲಲಾ, ಎಲ್ಲಿಂದ ಚಾಲೂ ಮಾಡಬೇಕು ಅಂತ. ನಾಚಿಕಿ ಆತು. ಸಂಜೀತನಕಾ ನಿಂತೆ."

ಯಾರ ಮುಖವನ್ನು ನೋಡಬೇಕೆಂದು ಯಾರಿಗೂ ತಿಳಿಯಲಿಲ್ಲ. ರಂಗಸ್ವಾಮಿ ಅಂಕಲ್ ಬಂದ್ ಮಾಡಿದ್ದ ಟೀವಿಯನ್ನು ನೋಡುತ್ತ ಕೂತರು. ಜಯಮ್ಮ ಆಂಟಿ ಸೆರಗಿನ ಅಂಚನ್ನು ಸುತ್ತಿದರು, ಬಿಚ್ಚಿದರು. ಸದಾನಂದಣ್ಣ ಎದ್ದು ಬಂದು ಅಪ್ಪನ ಭುಜದ ಮೇಲೆ ಕೈಯಿಟ್ಟು, "ಇರ್ಲಿ ಮಾರಾಯ್ರೆ, ನಾಳೆ ಚಾ ಕುಡೀಲಿಕ್ಕೆ ಬನ್ನಿ," ಎಂದರು. ನನಗೆ ನೆಲ ಬಾಯಿ ತೆರೆದು ನುಂಗಿದ್ದರೆ ಸಾಕಾಗಿತ್ತು. ಅವ್ವ ಒಬ್ಬಳು ಹೇಳಿದಾಗ ಜನ ಅನುಮಾನಪಟ್ಟಿದ್ದರಷ್ಟೆ, ಈಗ ಅಪ್ಪ ಎದ್ದು ಎಲ್ಲಕ್ಕೂ ಮೊಹರು ಒತ್ತಿಬಿಟ್ಟಿದ್ದ. ಆದರೂ, ಆ ಸಂಕಟದ ನಡುವೆಯೂ, ಅವ್ವ ಈಗ ಅತ್ತುಬಿಡುತ್ತಾಳೆ, ಎಲ್ಲ ಸರಿಹೋಗುತ್ತದೆ, ಆವತ್ತಿನ ಸಿನಿಮಾದ ಕೊನೆಯಂತೆ ಎಂದು ನಾನು ಕಾದೆ.

ಅವ್ವ ಅಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ನಾವಿಬ್ಬರೂ ಹಿಂದೆ ಹೋದೆವು. ಅಂಗಳದ ನಡುವೆ ಅವಳು ನಿಂತು, ತಿರುಗಿ, ಅಪ್ಪನ ಮುಖಕ್ಕೆ ಮುಖ ಕೊಟ್ಟು ಕೇಳಿದಳು.

"ಅಷ್ಟ ಮಂದಿ ಮುಂದ ಹೇಳಾಕ ಬರ್ತೈತಿ ನಿಮಗ. ಮನಿಯಾಗ ನನಗೊಬ್ಬಾಕಿಗೆ ಹೇಳಾಕ ಬರೂದಿಲ್ಲೇನು?"

ಅಪ್ಪ ನನ್ನ ಕಡೆ ನೋಡಿದ. ಅಭ್ಯಾಸ. ನಿಮ್ಮವ್ವಗ ಹೇಳು ಎನ್ನಲು ಅವನ ಬಾಯಿ ತೆರೆದಿತ್ತು. ಅವ್ವ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. "ಆಕೀನ ಯಾಕ ನೋಡ್ತೀರಿ? ನನ್ನ ನೋಡಿ ಮಾತಾಡ್ರಿ."

ಮನೆ ಸೇರುವ ಹೊತ್ತಿಗೆ ಮಾತು ಶುರುವಾಗಿತ್ತು. ನಾನು ಹುಟ್ಟಿದ ಮೇಲೆ ನನ್ನ ತಾಯಿತಂದೆ ಜಗಳವಾಡಿದ್ದನ್ನು ಕೇಳಿದ್ದು ಅದೇ ಮೊದಲು. ಅಪ್ಪ ಕೂಗಿದ. ಅವ್ವ ಅವನಿಗಿಂತ ಜೋರಾಗಿ ಕೂಗಿದಳು. ಕಳವಾ ಊರಿನ ಖೋಲಿ, ಅಜ್ಜಿ, ಕಾಕಾಗಳ ಮದುವೆ, ನನ್ನ ಜಾವಳ, ಯಾವ ಕಾಲದ್ದೆಲ್ಲ ಹೊರಬಂತು. ಅಪ್ಪ ಮೊದಲ ಸಲ ಮಾತು ಬಿಟ್ಟದ್ದು ಯಾಕೆ ಎನ್ನುವುದೂ ಬಂತು. ಅವ್ವ ಪಕ್ಕದ ಖೋಲಿಯ ಹೆಂಗಸರ ಜೊತೆ, ಕೇಳದೆ, ಥಾಣೆಗೆ ಸಿನಿಮಾ ನೋಡಲು ಹೋಗಿದ್ದಳು. ಮಳೆಗೆ ರೈಲು ನಿಂತು ಬರುವುದು ತಡವಾಗಿತ್ತು. ಅಷ್ಟೇ.

"ಜೀಂವಾ ಕೈಯಾಗ ಹಿಡಕೊಂಡು ದಾರಿ ಕಾದೇನಿ ನಾ! ಕೂಸು ಅಳತಿತ್ತು!" ಎಂದು ಅಪ್ಪ ಕೂಗಿದ.

"ಹಂಗಂತ ಹೇಳಬೇಕಿತ್ತು! ಬೈಬೇಕಿತ್ತು! ನಾ ತೊಯಿಸಿಕೊಂಡು ಬಂದಿದ್ದೆ, ಮದವಿಯಾದ ಮ್ಯಾಲ ಮೊದಲನೇ ಪಿಕ್ಚರು, ಎಷ್ಟ ಹೇಳಬೇಕಂತ ಬಂದಿದ್ದೆ. ಹೆಂಗಿತ್ತು ಪಿಕ್ಚರು ಅಂತ ಒಮ್ಮೆರೆ ಕೇಳಿದ್ರೇನು?"

"ಈಗ ಕೇಳತೇನಿ. ಹೇಳು. ಹೆಂಗಿತ್ತು?"

ಅವ್ವ ಬಾಯಿ ತೆರೆದಳು. "ಮರ್ತ ಹೋತು," ಎಂದಳು. ಆಗ ಅವಳಿಗೆ ಅಳು ಬಂತು. ಅಪ್ಪ ಏನು ಮಾಡಬೇಕೆಂದು ತಿಳಿಯದೆ ಅವಳ ಹತ್ತಿರ ಹೋಗಿ ನಿಂತ. ಅವಳು ಅಳುತ್ತಲೇ ಮತ್ತೆ ಬೈಯತೊಡಗಿದಳು. ಅವನೂ ಜವಾಬು ಕೊಡತೊಡಗಿದ.

ಸಂಜೆ ಇಳಿಯುತ್ತಿತ್ತು. ಎದುರು ಬಾಲ್ಕನಿಯಲ್ಲಿ ವಾರಿಜಕ್ಕ ಒಣಗಿದ ಬಟ್ಟೆಗಳನ್ನು ಬಹಳ ನಿಧಾನವಾಗಿ ತೆಗೆಯುತ್ತಿದ್ದರು. ಕೆಳಗೆ ಅಂಗಳದಲ್ಲಿ ಯಾರೋ ನಿಂತು ಮೇಲೆ ನೋಡಿದಂತಾಯಿತು. ನನ್ನ ಮುಖಕ್ಕೆ ಬೆಂಕಿ ಹತ್ತಿದಂತಾಗಿ ಕಿಟಕಿ ಮುಚ್ಚಲು ಓಡಿದೆ. ಒಂದು ಕದ ಎಳೆದಿದ್ದೆ.

"ಮುಚ್ಚಬ್ಯಾಡ ಸವಿ," ಎಂದಳು ಅವ್ವ, ಮಾತಿನ ನಡುವೆಯೇ ನನ್ನ ಕಡೆ ತಿರುಗಿ. "ಶೆಕಿಗೆ ಕುದಿಯಾಕತ್ತೈತಿ."

ನಾನು ಅಪ್ಪನನ್ನು ನೋಡಿದೆ. ಅವನು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, ಹಣೆ ಒರೆಸಿಕೊಂಡು, "ಇರ್ಲಿ, ತೆರದಿರ್ಲಿ," ಎಂದ. ಆಮೇಲೆ ಅವ್ವನ ಕಡೆ ತಿರುಗಿ, "ಹಾಂ, ಏನ್ ಅಂದಿ?" ಎಂದು ಕೇಳಿದ.